ಗಂಟು ನಿಲ್ಲುವ ಜಾಗ

ಕಾರ್ಖಾನೆಯ ಮೇಲಿನ ಕೋಣೆ
ಮಾರ್ಚ್ ೧೧, ಭಾನುವಾರ

ಪ್ರೀತಿಯ ಗುಬ್ಬಿ,

ನೀನು ಆರೋಗ್ಯವಾಗಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಮಂಡಿ ಎಂದಿನ ಹಾಗೆ ಗೊಣಗುತ್ತಿದೆ, ನಾನೂ ಎಂದಿನ ಹಾಗೆ ಗೊಣಗುತ್ತಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ಕೊಡಲು ತಿಂಗಳ ಮೇಲೆ ಹಿಡಿಯಿತು, ಬೇಸರ ಮಾಡಿಕೊಳ್ಳಬೇಡ. ಶಾಲೆಗಳ ಆರ್ಡರಿನ ಕಾಲ, ತಕ್ಕಡಿಗಳನ್ನೂ ರಾಟೆಗಳನ್ನೂ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವುದರಲ್ಲೇ ದಿನ ಹೋಯಿತು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಬರೆಯಲು ಕೂತಾಗಲೆಲ್ಲ ನೀನು ಬೇಡವೆಂದದ್ದೇ ಮೊದಲು ಪೆನ್ನಿಗೆ ಬರುತ್ತಿತ್ತು, ಹರಿದು ಹಾಕುತ್ತಿದ್ದೆ.

ನೀನು ಬರೆದದ್ದು ನಾಲ್ಕೇ ಸಾಲು. ಕಾರ್ಖಾನೆಯಲ್ಲಿರುವ ಮೂರು ದಾರದ ಮೇಜು ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿ. ಅಪ್ಪ ಹೇಳಿಕೊಡುತ್ತೇನೆ ಎಂದಿದ್ದರು, ಆಗಲಿಲ್ಲ. ಬೇರೆ ಏನೂ ಬರೆಯಬೇಡಿ. ಸರಿ. ಮೇಜಿನ ವಿಷಯವನ್ನೇ ಬರೆಯುತ್ತೇನೆ. ಬೇರೆ ಏನಾದರೂ ನುಸುಳಿದರೆ ಅದು ಈ ಮುದುಕಿಯ ಬಾಯಿ, ಚಿಕ್ಕಂದಿನಿಂದ ನಿನಗೆ ಗೊತ್ತಿರುವುದೇ.

ಆ ಮೇಜನ್ನು ಮಾಡಿದವರು ನಿನ್ನ ತಾತ. ಯಾವುದೋ ಶಾಲೆಗೆಂದು ಮಾಡಿದ್ದರು, ಹಲಗೆಯ ಒಂದು ಮೂಲೆ ಸೀಳಿದ್ದರಿಂದ ಶಾಲೆಯವರು ಬೇಡವೆಂದರು, ಅದು ನಮ್ಮಲ್ಲೇ ಉಳಿಯಿತು. ಸೊಂಟದೆತ್ತರದ ಸಾಧಾರಣ ಮೇಜು, ಮೇಲೆ ನುಣ್ಣಗೆ ತೀಡಿದ ಹಲಗೆ. ಅವರು ಹೋದ ಮೇಲೆ ನಾವು ಮೂವರು ಒಡಹುಟ್ಟಿದವರು ಮೂರು ದಿಕ್ಕಾದೆವು. ನಾನು ಕಾರ್ಖಾನೆ ಹಿಡಿದು ಇಲ್ಲೇ ಉಳಿದೆ, ನಿನ್ನಪ್ಪ ಕನ್ನಡಕದ ಅಂಗಡಿ ಇಟ್ಟುಕೊಂಡು ಈಗ ನೀನಿರುವ ಊರಿಗೆ ಹೋದ, ನಿನ್ನ ಚಿಕ್ಕಪ್ಪ ಬಸ್ಸಿನ ಸ್ಟೇರಿಂಗ್ ಹಿಡಿದು ಡಿಪೋ ಕಳಿಸಿದ ಕಡೆ ಹೋದ. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳ ಮೊದಲ ಭಾನುವಾರ, ಮೂವರೂ ಸೇರಬೇಕು ಎಂದು ಮಾತಾಯಿತು. ಎಲ್ಲಿ ಸೇರುವುದು ಎಂಬಲ್ಲಿ ಜಗಳ ಶುರು. ನನ್ನ ಮನೆಗೆ ಬನ್ನಿ ಎಂದು ಮೂವರೂ ಪಟ್ಟು ಹಿಡಿದೆವು. ಆಗ ನಿನ್ನಪ್ಪ ಕಾರ್ಖಾನೆಗೆ ಬಂದವನು ಧೂಳು ಹಿಡಿದಿದ್ದ ಆ ಮೇಜನ್ನು ನಡುಮನೆಗೆ ಎಳೆದು ತಂದ.

ಅವನು ಮಾಡಿದ್ದು ಇಷ್ಟು. ಹಲಗೆಯ ಮೇಲೆ ಭೂಪಟ ಅಂಟಿಸಿದ. ನಮ್ಮ ಮೂರು ಊರು ಇದ್ದಲ್ಲಿ ಮೂರು ತೂತು ಕೊರೆದ. ಮೂರು ದಾರ ತೆಗೆದುಕೊಂಡು ಅವುಗಳ ಒಂದೊಂದು ತುದಿಯನ್ನು ಸೇರಿಸಿ ಒಂದೇ ಗಂಟು ಹಾಕಿದ. ಗಂಟು ಹಲಗೆಯ ಮೇಲೆ. ಉಳಿದ ತುದಿಗಳು ಒಂದೊಂದು ತೂತಿನಲ್ಲಿ ಇಳಿದು ಕೆಳಗೆ ನೇತಾಡುತ್ತವೆ. ಪ್ರತಿಯೊಂದಕ್ಕೂ ಒಂದೇ ಅಳತೆಯ ಹಿತ್ತಾಳೆಯ ತೂಕ ಕಟ್ಟಿದ. ಕೈ ಬಿಟ್ಟ. ಗಂಟು ಹಲಗೆಯ ಮೇಲೆ ಆಚೀಚೆ ಜರುಗಿ ಒಂದು ಕಡೆ ನಿಂತಿತು. “ಇಲ್ಲೇ ಸೇರೋಣ” ಎಂದ.

ಯಾಕೆ ಅಲ್ಲೇ ಎಂಬುದನ್ನು ಕೇಳು, ಇದು ನಿಧಾನವಾಗಿ ಓದುವ ಜಾಗ. ತೂಕಗಳಿಗೆ ಬೇಕಾಗಿರುವುದು ಒಂದೇ, ಕೆಳಗಿಳಿಯುವುದು. ಮೂರೂ ಸೇರಿ ಎಷ್ಟು ಇಳಿಯಬಹುದೋ ಅಷ್ಟೂ ಇಳಿಯುತ್ತವೆ, ಇನ್ನು ಇಳಿಯಲಾಗದು ಎಂದಾಗ ನಿಲ್ಲುತ್ತವೆ. ದಾರದ ಉದ್ದ ಬದಲಾಗುವುದಿಲ್ಲವಲ್ಲ? ಹಲಗೆಯ ಕೆಳಗೆ ದಾರ ಅತಿ ಹೆಚ್ಚು ಇದೆ ಎಂದರೆ ಮೇಲೆ ಅತಿ ಕಡಿಮೆ ಇದೆ ಎಂದೇ ಅರ್ಥ. ಮೇಲಿರುವ ದಾರವೇ ನಮ್ಮ ಮೂವರ ದಾರಿ. ಅಂದರೆ ಗಂಟು ನಿಂತ ಜಾಗಕ್ಕೆ ಹೋದರೆ ಮೂವರ ಪ್ರಯಾಣವೂ ಕೂಡಿ ಅತಿ ಕಡಿಮೆ. ಭೂಮಿಯ ಸೆಳೆತಕ್ಕೆ ನಮ್ಮ ಸಂಸಾರದ ಜಗಳ ಗೊತ್ತಿಲ್ಲ, ಆದರೂ ಅದು ತೀರ್ಪು ಕೊಡುತ್ತದೆ. ನಿನ್ನಪ್ಪ ಇದನ್ನು ಹೇಳಿದಾಗ ನಾನು ಬಗ್ಗಿ ಆ ಮೂರು ತೂಕಗಳನ್ನೂ ಮುಟ್ಟಿ ನೋಡಿದೆ. ನಾನು ಹುಟ್ಟಿದಾಗಿನಿಂದ ತೂಕಗಳ ನಡುವೆ ಬೆಳೆದವಳು, ಅವು ಹೀಗೂ ಯೋಚಿಸುತ್ತವೆ ಎಂದು ಅಂದುಕೊಂಡಿರಲಿಲ್ಲ.

ಗಂಟು ನಿಂತಾಗ ದಾರಗಳನ್ನು ನೋಡಿದರೆ, ಮೂರರ ನಡುವಿನ ಕೋನವೂ ಒಂದೇ. ಒಂದು ಸುತ್ತಿನ ಮೂರನೇ ಒಂದು ಪಾಲು, ನೂರಿಪ್ಪತ್ತು ಡಿಗ್ರಿ. ಗಂಟು ಯಾವ ತೂತಿಗೂ ಬೀಳದೆ ನಡುವೆ ನಿಂತರೆ, ಊರುಗಳು ಹೇಗೇ ಚದುರಿರಲಿ, ಇದು ತಪ್ಪದು. ಸಮಬಲದ ಮೂವರು ಒಂದು ಬಳೆಯನ್ನು ಹಿಡಿದು ಜಗ್ಗುತ್ತಿದ್ದಾರೆ ಎಂದುಕೋ. ಇಬ್ಬರು ಹತ್ತಿರ ಹತ್ತಿರ ನಿಂತರೆ ಬಳೆ ಅವರ ಕಡೆ ಹೋಗುತ್ತದೆ. ಯಾರ ಕಡೆಗೂ ಹೋಗಬಾರದು ಎಂದರೆ ಮೂವರೂ ಸಮ ದೂರದಲ್ಲಿ ಹರಡಿ ನಿಲ್ಲಬೇಕು, ಬೇರೆ ದಾರಿಯಿಲ್ಲ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಮಾಡಿ ನೋಡು. ಅಂಗಡಿಯಲ್ಲಿ ಗಾಜಿನ ತುಂಡುಗಳಿಗೆ ಬರವಿಲ್ಲ. ಎರಡು ಗಾಜಿನ ನಡುವೆ ಪೆನ್ಸಿಲಿನ ಮೂರು ತುಂಡುಗಳನ್ನು ಕಂಬದ ಹಾಗೆ ನಿಲ್ಲಿಸಿ ಅಂಟಿಸು, ಸೋಪಿನ ನೀರಿನಲ್ಲಿ ಅದ್ದಿ ಮೆಲ್ಲಗೆ ಮೇಲೆತ್ತು. ಕಂಬದಿಂದ ಕಂಬಕ್ಕೆ ಸೋಪಿನ ಪೊರೆ ಹಬ್ಬಿ, ನಡುವೆ ಒಂದು ಕಡೆ ಮೂರೂ ಕೂಡಿಕೊಂಡಿರುತ್ತವೆ. ಅದೇ ಕೋನ. ಪೊರೆಗೆ ತಾನು ಆದಷ್ಟು ಚಿಕ್ಕದಾಗಬೇಕು ಎಂಬ ಹಟ, ತೂಕಕ್ಕೆ ಇಳಿಯಬೇಕು ಎಂಬ ಹಟ. ಬೇರೆ ಬೇರೆ ಹಟ, ಉತ್ತರ ಒಂದೇ.

ಈಗ ಒಂದು ವಿಚಿತ್ರ. ಮೊದಲ ವರ್ಷಗಳಲ್ಲಿ ಗಂಟು ನಿಂತದ್ದು ನಿಮ್ಮ ಊರಿನ ತೂತಿನಲ್ಲೇ. ಯಾಕೆಂದರೆ ನಿಮ್ಮ ಊರು ನಮ್ಮಿಬ್ಬರ ಊರುಗಳ ನಡುವೆ ಹೆಚ್ಚುಕಡಿಮೆ ದಾರಿಯಲ್ಲೇ ಬಿದ್ದಂತಿತ್ತು. ಒಬ್ಬರ ಊರಿನಲ್ಲಿ ನಿಂತು ನೋಡಿದಾಗ ಉಳಿದಿಬ್ಬರ ನಡುವಿನ ಕೋನ ನೂರಿಪ್ಪತ್ತು ಡಿಗ್ರಿಗೆ ಮುಟ್ಟಿತು ಅಥವಾ ದಾಟಿತು ಎಂದರೆ ಗಂಟು ಆ ತೂತು ಬಿಟ್ಟು ಹೊರಗೆ ಬರುವುದೇ ಇಲ್ಲ. ಅದಕ್ಕೇ ನೀನು ಚಿಕ್ಕವಳಿದ್ದಾಗ ನಾವು ನಿಮ್ಮ ಮನೆಗೆ ಬರುತ್ತಿದ್ದದ್ದು, ನಿನ್ನಮ್ಮ ನಮ್ಮೆಲ್ಲರಿಗೂ ಬಡಿಸುತ್ತಿದ್ದದ್ದು. ಅವಳು ಹೋದ ಮರುವರ್ಷ ಚಿಕ್ಕಪ್ಪನನ್ನು ದೂರದ ಡಿಪೋಗೆ ಹಾಕಿದರು. ಅವನ ತೂತನ್ನು ಬೇರೆ ಕಡೆ ಕೊರೆದದ್ದೇ ತಡ, ಗಂಟು ನಿಮ್ಮ ಮನೆ ಬಿಟ್ಟು ಹೊರಟು, ಭೂಪಟದಲ್ಲಿ ಹೆಸರೇ ಇಲ್ಲದ ಖಾಲಿ ಜಾಗದಲ್ಲಿ ಹೋಗಿ ನಿಂತಿತು. ನಾವು ಬೇಸರಪಟ್ಟುಕೊಂಡು ಬರುವುದನ್ನು ನಿಲ್ಲಿಸಿದೆವೇ ಎಂದು ನೀನು ಒಮ್ಮೆ ಅಪ್ಪನನ್ನು ಕೇಳಿದ್ದೆಯಂತೆ. ಬೇಸರವಲ್ಲ ತಾಯಿ, ಕೋನ.

ಚಿಕ್ಕಪ್ಪ ತಕರಾರು ತೆಗೆದ. ನನಗೆ ಬಸ್ಸು ಪುಕ್ಕಟೆ, ಕೂತು ಅಭ್ಯಾಸವೂ ಇದೆ, ನನ್ನ ದಾರಕ್ಕೆ ಅರ್ಧ ತೂಕ ಹಾಕಿ, ನಿಮ್ಮಿಬ್ಬರ ಕಡೆಗೇ ಬರುತ್ತೇನೆ ಎಂದ. ರಜೆಯ ದಿನವೂ ರಸ್ತೆ ನೋಡಿಕೊಂಡು ಬರುವವನಿಗೆ ಎರಡರಷ್ಟು ಹಾಕಬೇಕು, ಅರ್ಧ ಯಾವ ಲೆಕ್ಕ ಎಂದು ನಿನ್ನಪ್ಪ ರೇಗಿಸಿದ. ಕೊನೆಗೆ ಮೂವರಿಗೂ ಒಂದೇ ತೂಕ, ಇದು ಎಂದೂ ಬದಲಾಗಬಾರದು ಎಂದು ತೀರ್ಮಾನವಾಯಿತು. ನಮ್ಮ ಮನೆಯಲ್ಲಿ ಬೇರೆ ಯಾವ ಕಟ್ಟುಪಾಡೂ ಇಷ್ಟು ಗಟ್ಟಿಯಾಗಿ ನಿಂತದ್ದಿಲ್ಲ.

ನಗು ಬರುವ ಸಂಗತಿಯೊಂದಿದೆ. ಗಂಟು ನಿಮ್ಮ ಮನೆ ಬಿಟ್ಟ ಮೇಲಿನ ಮೊದಲೆರಡು ವರ್ಷ ನಾವು ತಪ್ಪು ಜಾಗದಲ್ಲಿ ಸೇರಿದೆವು. ಮುಚ್ಚಿಹೋದ ಒಂದು ಇಟ್ಟಿಗೆ ಗೂಡಿನ ಮುಂದೆ ಕೂತು, ಧೂಳು ಕುಡಿದು, ಇದೇ ಪ್ರಪಂಚದಲ್ಲಿ ನಮಗೆ ಸರಿಯಾದ ಜಾಗ ಎಂದು ಬೀಗಿದೆವು. ಮೇಜು ಹೂಡಿದವಳು ನಾನು. ದಾರ ತೂತಿನ ಅಂಚಿಗೆ ಉಜ್ಜಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಗಂಟು ನಿಂತ ಮೇಲೂ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು, ಇನ್ನು ಅಲುಗದು ಎಂದಾಗಲೇ ನಂಬಬೇಕು. ನಿನ್ನ ತಾತ ಇದನ್ನು ಸಾವಿರ ಸಲ ಹೇಳಿದ್ದರು. ನಾನು ತಟ್ಟಿರಲಿಲ್ಲ. ಮೂರನೆಯ ವರ್ಷ ನಿನ್ನಪ್ಪ ಬಂದವನು ಸುಮ್ಮನೆ ಒಮ್ಮೆ ತಟ್ಟಿದ, ಗಂಟು ಜರುಗಿಯೇ ಬಿಟ್ಟಿತು, ಭೂಪಟದಲ್ಲಿ ಹನ್ನೊಂದು ಕಿಲೋಮೀಟರಿನಷ್ಟು.

ನನ್ನ ಮುಖ ಸಪ್ಪಗಾಯಿತು. ಚಿಕ್ಕಪ್ಪನಂತೂ, ಪುಕ್ಕಟೆ ಬಸ್ಸಿನವನು, ಎರಡು ವರ್ಷದ ಡೀಸೆಲ್ ಕೊಡು ಎಂದು ಕೂತ. ನಿನ್ನಪ್ಪ ಮಾತ್ರ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನಕ್ಕ. ಹನ್ನೊಂದು ಕಿಲೋಮೀಟರ್ ಆಚೆ ಹೋಗಿದ್ದೆವು, ಆದರೆ ಮೂವರಿಗೂ ಸೇರಿ ಹೆಚ್ಚಾದದ್ದು ಒಂದು ಕಿಲೋಮೀಟರೂ ಇಲ್ಲ. ನನಗೆ ನಂಬಿಕೆ ಬರಲಿಲ್ಲ. ಅವನು ಒಂದು ಬಟ್ಟಲು ತಂದು ಒಳಗೆ ಬೆರಳಾಡಿಸಿ ತೋರಿಸಿದ. ಬಟ್ಟಲಿನ ಗೋಡೆಯ ಮೇಲೆ ಸ್ವಲ್ಪ ಸರಿದರೂ ಎತ್ತರ ಬಹಳ ಬದಲಾಗುತ್ತದೆ. ತಳದ ಹತ್ತಿರ ಸಪಾಟು, ಅಲ್ಲಿ ಅಷ್ಟಿಷ್ಟು ಸರಿದರೆ ಎತ್ತರಕ್ಕೆ ಗೊತ್ತೇ ಆಗುವುದಿಲ್ಲ. ಯಾವುದು ಅತಿ ಕಡಿಮೆಯೋ ಅದರ ಸುತ್ತಮುತ್ತ ಯಾವಾಗಲೂ ಹೀಗೆಯೇ. “ನೋಡಕ್ಕ, ಸರಿಯಾದ ಜಾಗದ ಹತ್ತಿರ ಬಂದ್ಬಿಟ್ರೆ ಸಣ್ಣಪುಟ್ಟ ತಪ್ಪಿಗೆ ದಂಡ ಇಲ್ಲ” ಎಂದ. ಗಣಿತದಲ್ಲಿ ನಾನು ಕೇಳಿದ ಮಾತುಗಳಲ್ಲಿ ನನಗೆ ಇದು ಬಹಳ ಇಷ್ಟ.

ಸರಿಯಾದ ಜಾಗವೆಂದರೆ ಆ ಪಂಕ್ಚರ್ ಅಂಗಡಿ. ಹೆದ್ದಾರಿಯ ಪಕ್ಕ, ತಗಡಿನ ಮಾಡು, ಹಳೆ ಟೈರುಗಳ ರಾಶಿ, ಮುಂದೆ ಒಂದು ಬೆಂಚು. ಬೆಳಿಗ್ಗೆ ಹೊರಟು ಹನ್ನೊಂದರ ಹೊತ್ತಿಗೆ ಸೇರಿ, ಡಬ್ಬಿ ಬಿಚ್ಚಿ ತಿಂದು, ಮೂರಕ್ಕೆ ಎದ್ದು ಅವರವರ ಬಸ್ಸು ಹಿಡಿಯುವುದು. ಪಂಕ್ಚರಿನವನಿಗೆ ನಾವು ಯಾರು, ಪ್ರತಿ ವರ್ಷ ಗಾಡಿಯೂ ಇಲ್ಲದೆ ಯಾಕೆ ಬರುತ್ತೇವೆ ಎಂದು ಬಹಳ ಕಾಲ ಅರ್ಥವಾಗಲಿಲ್ಲ. ಜಮೀನು ಕೊಳ್ಳುವವರು ಎಂದುಕೊಂಡಿದ್ದನಂತೆ. ನಿನ್ನನ್ನೂ ಕರೆತರಬೇಕೆಂದು ನಿನ್ನಪ್ಪನಿಗೆ ಆಸೆ. ನೀನು ಅದಕ್ಕೆ ಮುದುಕರ ಪಿಕ್ನಿಕ್ ಎಂದು ಹೆಸರಿಟ್ಟಿದ್ದೆ. ಅವನು ಅದನ್ನು ನಮಗೆ ಹೇಳಿಕೊಂಡು ನಗುತ್ತಿದ್ದ.

ಇಲ್ಲಿಗೆ ಮೇಜಿನ ವಿವರಣೆ ಮುಗಿಯಿತು ಎನ್ನಬಹುದು. ಆದರೆ ಒಂದು ನಿಯಮ ಉಳಿದಿದೆ, ಅದನ್ನು ಹೇಳದಿದ್ದರೆ ವಿವರಣೆ ಅರ್ಧ.

ತೂಕ ಒಂದೇ ಇರಬೇಕೆಂದು ಮೇಜೇನೂ ಕೇಳುವುದಿಲ್ಲ. ಒಬ್ಬರಿಗೆ ಪ್ರಯಾಣ ಕಷ್ಟ ಎಂದಾದರೆ ಅವರ ದಾರಕ್ಕೆ ಹೆಚ್ಚು ತೂಕ ಕಟ್ಟಬಹುದು, ಗಂಟು ಅವರ ಕಡೆ ಸರಿಯುತ್ತದೆ. ಎರಡರಷ್ಟು ಕಟ್ಟಿದರೆ ಗಂಟು ನೇರವಾಗಿ ಅವರ ತೂತಿಗೇ ಬೀಳುತ್ತದೆ, ಊರುಗಳು ಎಲ್ಲೇ ಇರಲಿ. ಯಾಕೆಂದರೆ ಉಳಿದಿಬ್ಬರೂ ಒಂದೇ ದಿಕ್ಕಿಗೆ ನಿಂತು ಜಗ್ಗಿದರೂ ಅವರ ಬಲ ಎರಡೇ, ಅದಕ್ಕಿಂತ ಹೆಚ್ಚಾಗದು. ಹೋದ ವರ್ಷ ಮಾರ್ಚಿನಲ್ಲಿ, ಒಂದು ವರ್ಷದಿಂದ ಕಾಯಿಲೆಯಲ್ಲಿದ್ದ ನಿನ್ನಪ್ಪನಿಗೆ ಡಾಕ್ಟರು ಹೃದಯ ಸೋತಿದೆ, ಪ್ರಯಾಣ ಬೇಡ ಎಂದ ಮೇಲೆ, ನಾನು ಅದನ್ನೇ ಮಾಡಿದೆ. ಅವನ ದಾರಕ್ಕೆ ಎರಡನೆಯ ತೂಕ ಕಟ್ಟಿ, ಹಲಗೆ ತಟ್ಟಿ, ಗಂಟು ನಿಮ್ಮ ಊರಿಗೆ ಬಿದ್ದದ್ದನ್ನು ನೋಡಿ, ನಾವಿಬ್ಬರೂ ನಿಮ್ಮ ಮನೆಗೇ ಬರುತ್ತೇವೆ ಎಂದು ಅವನಿಗೆ ಫೋನ್ ಮಾಡಿದೆ. ಇದು ನಿನಗೆ ಗೊತ್ತಿಲ್ಲ.

ಅವನು ಒಪ್ಪಲಿಲ್ಲ. ಬೇಕಾದ ಉತ್ತರ ಬರುವ ಹಾಗೆ ತೂಕ ಹಾಕುವುದು ಲೆಕ್ಕವಲ್ಲ, ಕಳ್ಳಾಟ ಎಂದ. ಚಿಕ್ಕಪ್ಪ ಬಸ್ಸನ್ನೇ ನಿಮ್ಮ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ ಎಂದು ಕೂಗಾಡಿದ, ನಾನು ಅಕ್ಕನೆಂಬ ಅಧಿಕಾರದಿಂದ ಗದರಿದೆ. ಕೊನೆಗೆ ಅವನು, “ಅಕ್ಕ, ಒಂದೇ ತೂಕ ಇರಲಿ. ನಾನು ಬರ್ತೀನಿ. ಇದೊಂದು ನನ್ನ ಮಾತು ನಡೆಸಿಕೊಡು” ಎಂದ. ಎರಡನೆಯ ತೂಕ ಬಿಚ್ಚಿದೆ.

ಅವನು ಬಂದ. ಬಸ್ಸಿಳಿದು ಬೆಂಚಿನವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತ. ಆದರೂ ಆ ದಿನ ಅವನು ನಮ್ಮೆಲ್ಲರಿಗಿಂತ ಗೆಲುವಾಗಿದ್ದ. ಪಂಕ್ಚರಿನವನು ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಾಗ, ನಿನ್ನಪ್ಪ ಅವನಿಂದ ಒಂದಿಷ್ಟು ಸೋಪಿನಪುಡಿ ಕೇಳಿ ಹಾಕಿಸಿದ. ನೊರೆ ಎದ್ದಿತು. ಬಗ್ಗಿ ನೋಡು ಎಂದು ಪಂಕ್ಚರಿನವನನ್ನು ಪಕ್ಕಕ್ಕೆ ಕರೆದು, ನೊರೆಯಲ್ಲಿ ಎಲ್ಲಿ ನೋಡಿದರೂ ಒಂದು ಅಂಚಿನಲ್ಲಿ ಮೂರೇ ಪೊರೆ ಸೇರುತ್ತವೆ, ನಾಲ್ಕು ಸೇರಿದರೆ ತಕ್ಷಣ ಸರಿದು ಮೂರು ಮೂರಾಗಿ ಬಿಡುತ್ತವೆ ಎಂದು ತೋರಿಸಿದ. ಇಷ್ಟು ವರ್ಷ ಇದರಲ್ಲೇ ಕೈ ಅದ್ದಿದ್ದೇನೆ, ಕಂಡಿರಲಿಲ್ಲ ಎಂದು ಅವನು ಬಹಳ ಹೊತ್ತು ತೊಟ್ಟಿ ಬಿಟ್ಟು ಏಳಲಿಲ್ಲ. ಕಾಯುತ್ತಿದ್ದ ಲಾರಿಯವನು ಮಾತ್ರ ನಮಗೆಲ್ಲ ಸೇರಿಸಿ ಬೈದ.

ಮುಂದಿನ ವಾರ ನಿನ್ನಪ್ಪ ಹೋದ. ನಾನು ಓಡಿ ಬಂದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬನ್ನಿ ಎನ್ನಲಿಲ್ಲ. “ನಿಮ್ಮ ಲೆಕ್ಕ ಸರಿ ಬಂತಲ್ಲ ಅತ್ತೆ” ಎಂದೆ. ಅಷ್ಟೇ. ಆಮೇಲೆ ಇದುವರೆಗೆ ನನ್ನ ಫೋನೂ ಎತ್ತಲಿಲ್ಲ, ಚಿಕ್ಕಪ್ಪನದೂ ಎತ್ತಲಿಲ್ಲ. ಒಂದು ವರ್ಷ ಓದು ಬಿಟ್ಟು, ಅಂಗಡಿಯನ್ನೂ ಅವನನ್ನೂ ಒಬ್ಬಳೇ ನೋಡಿಕೊಂಡವಳು ನೀನು. ಸೋತ ಹೃದಯದವನನ್ನು ಅಷ್ಟು ದೂರ ಕರೆಸಿಕೊಂಡೆವೆಂದು ಕೋಪ ಮಾಡಿಕೊಳ್ಳುವ ಹಕ್ಕು ನಿನಗಿಲ್ಲದೆ ಇನ್ನಾರಿಗಿದೆ. ಆದರೂ ಬಹಳ ನೋವಾಯಿತು ಗುಬ್ಬಿ. ತಮ್ಮ ಹೋದ ನೋವಿನ ಮೇಲೆ ನೀನು ಹೋದ ನೋವು.

ಹೋದ ತಿಂಗಳು ಚಿಕ್ಕಪ್ಪ ಕಾರ್ಖಾನೆಗೆ ಬಂದಿದ್ದ. ಈ ಏಪ್ರಿಲಿಗೆ ಎಲ್ಲಿ ಸೇರೋಣ ಎಂದು ಕೇಳಿದ. ನಿನ್ನಪ್ಪನ ತೂಕವನ್ನು ಆಗಲೇ ಬಿಚ್ಚಿಟ್ಟಿದ್ದೆ, ಅವನ ದಾರ ಸಡಿಲವಾಗಿ ಬಿದ್ದಿತ್ತು. ಎರಡು ತೂಕದ ಮೇಲೆ ಗಂಟು ನನ್ನ ಊರಿಗೂ ಅವನ ಊರಿಗೂ ನಡುವಿನ ನೇರ ಗೆರೆಗೆ ಬಂದು ನಿಂತಿತು. ಚಿಕ್ಕಪ್ಪ ಅದನ್ನು ಬೆರಳಿನಿಂದ ನನ್ನ ಕಡೆ ತಳ್ಳಿದ. ಅಲ್ಲೇ ನಿಂತಿತು. ತನ್ನ ಕಡೆ ಎಳೆದುಕೊಂಡ. ಅಲ್ಲೂ ನಿಂತಿತು. ಹಲಗೆ ತಟ್ಟಿದೆ, ಅಲುಗಲಿಲ್ಲ. ಇಬ್ಬರೇ ಆದಾಗ ಹೀಗೆ: ಆ ಗೆರೆಯ ಮೇಲೆ ಎಲ್ಲಿ ಸೇರಿದರೂ ಮೊತ್ತ ಒಂದೇ. ಎಲ್ಲ ಜಾಗವೂ ಸರಿಯೇ, ಹಾಗಾಗಿ ಇಲ್ಲೇ ಬನ್ನಿ ಎಂದು ಕರೆಯುವ ಜಾಗ ಒಂದೂ ಇಲ್ಲ. “ಎಲ್ಲಿಟ್ರೂ ನಿಲ್ಲುತ್ತಲ್ಲಕ್ಕ” ಎಂದು ಚಿಕ್ಕಪ್ಪ ಮೇಜಿನ ಅಂಚು ಹಿಡಿದುಕೊಂಡು ಅತ್ತುಬಿಟ್ಟ. ಪ್ರಯಾಣಿಕರ ಮೇಲೆಲ್ಲ ಕೂಗಾಡುವ ಗಂಡಸು. ಎಲ್ಲಿ ಸೇರುವುದೆಂದು ತೀರ್ಮಾನವಾಗಲೇ ಇಲ್ಲ.

ಗುಬ್ಬಿ, ನಿನ್ನಪ್ಪನ ದಾರವನ್ನು ನಾನು ತೆಗೆದಿಲ್ಲ. ಆ ತೂತು ನಿಮ್ಮ ಊರಿನ ಮೇಲಿದೆ, ಆ ಊರಿನಲ್ಲಿ ನೀನಿದ್ದೀಯ. ಹೊಸದಾಗಿ ಕೊರೆಯುವುದೇನೂ ಇಲ್ಲ. ಅವನ ತೂಕ ಉಜ್ಜಿ ಇಟ್ಟಿದ್ದೇನೆ. ನೀನು ಹೂಂ ಎಂದರೆ ಕಟ್ಟುತ್ತೇನೆ, ಗಂಟು ತಾನಾಗಿ ಪಂಕ್ಚರ್ ಅಂಗಡಿಗೆ ಹಿಂದಿರುಗುತ್ತದೆ. ಚಿಕ್ಕವಳೆಂದು ನಿನಗೆ ಕಡಿಮೆ ತೂಕವಿಲ್ಲ, ಮೂವರಿಗೂ ಒಂದೇ. ಬೆಂಚಿನವರೆಗೆ ಬರಲು ಮನಸ್ಸಾಗದಿದ್ದರೆ ಅದರ ಹತ್ತಿರ ಎಲ್ಲಾದರೂ ಸರಿ, ಆ ಇಟ್ಟಿಗೆ ಗೂಡಾದರೂ ಸರಿ. ಹತ್ತಿರ ಬಂದರೆ ಸಾಕು, ದಂಡವಿಲ್ಲ ಎಂದು ಅವನೇ ಹೇಳಿದ್ದಾನಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಂಗಡಿಯ ದೀಪದ ಕೆಳಗೆ ಕಣ್ಣು ಹಾಳುಮಾಡಿಕೊಳ್ಳಬೇಡ, ಕನ್ನಡಕದ ಅಂಗಡಿಯವಳಿಗೇ ಕನ್ನಡಕ ಬಂದರೆ ಜನ ನಗುತ್ತಾರೆ. ಬಿಟ್ಟ ಓದನ್ನು ಮತ್ತೆ ಹಿಡಿ. ನಿನ್ನ ಬಾಳು ತಂಪಾಗಿರಲಿ, ನಿನ್ನ ಕೈಯಲ್ಲಿ ಹಿಡಿದದ್ದು ಕೂಡಿಬರಲಿ ಎಂದು ತಲೆ ಮೇಲೆ ಕೈಯಿಟ್ಟು ಹರಸುತ್ತಿದ್ದೇನೆ. ನೀನು ತಲೆ ಕೊಡುತ್ತೀಯೋ ಇಲ್ಲವೋ ಗೊತ್ತಿಲ್ಲ.

ನಿನ್ನ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಹೇಳಬಾರದು ಎಂದಿದ್ದದ್ದು. ಲೆಕ್ಕದಲ್ಲಿ ಕಳ್ಳಾಟವಾಗುತ್ತದೆ ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ್ದು ನೆಪ. ಬೆಂಚಿನ ಮೇಲೆ ಕೂತಾಗ ನಿಜ ಹೇಳಿದ. “ನೀವು ಮನೆಗೆ ಬಂದಿದ್ರೆ ಅವಳು ನನ್ನ ಜೊತೆಗೆ ನಿಮ್ಮನ್ನೂ ನೋಡ್ಕೋಬೇಕಾಗ್ತಿತ್ತು. ಒಂದು ವರ್ಷದಿಂದ ಅವಳು ಸರಿಯಾಗಿ ಮಲಗಿಲ್ಲಕ್ಕ. ಅವಳಿಗೆ ಒಂದು ದಿನ ನಾನಿಲ್ಲದ ಮನೆ ಸಿಗ್ಲಿ ಅಂತ ಬಂದೆ.” ನಿನಗೆ ಹೇಳಕೂಡದು ಎಂದು ಮಾತು ತೆಗೆದುಕೊಂಡ, ತಾನು ಹೊರೆಯೆಂದು ತಿಳಿದಿದ್ದ ಎಂದು ನೀನು ಕೊರಗುತ್ತೀಯ ಎಂದು. ಅದಕ್ಕೇ ಇಷ್ಟು ದಿನ ನಿನ್ನ ಕೋಪವನ್ನು ನುಂಗಿಕೊಂಡಿದ್ದೆ, ಇನ್ನು ನನ್ನಿಂದ ಆಗದು. ಆ ದಿನ ಸಂಜೆ ಮನೆ ಸೇರಿ ಅವನು ನನಗೆ ಫೋನ್ ಮಾಡಿದ, ಪಿಸುಮಾತಿನಲ್ಲಿ. ನೀನು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆಯಂತೆ, ಬಾಗಿಲು ತೆಗೆದ ಸದ್ದಿಗೂ ಏಳಲಿಲ್ಲವಂತೆ. ಎಬ್ಬಿಸದೆ ಎದುರಿಗೆ ಕೂತು ನೋಡುತ್ತಿದ್ದೇನೆ ಎಂದ. ಆಮೇಲೆ, “ಅಕ್ಕ, ಲೆಕ್ಕ ಸರಿ ಬಂತು” ಎಂದ. ನಾನು ಅವನಿಂದ ಕೇಳಿದ ಕೊನೆಯ ಮಾತು ಅದು. ಒಂದು ವಾರದ ಮೇಲೆ ನೀನು ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದಾಗ, ನನಗೆ ನಿನ್ನ ಮುಖ ನೋಡಲು ಆಗಲಿಲ್ಲ.